ಕಮೋನ್ ಕೊಟ್ಟ ಮಾತು

"ಆ ಸಲಿಕೆ ಕೆಳಗಿಡಿ."

ಗದ್ದೆಯ ಬದುವಿನಲ್ಲಿ ಮಣ್ಣು ತೋಡುತ್ತಿದ್ದ ಕಮೋನ್ ತಲೆ ಎತ್ತಿದಳು. ಬರಿಗಾಲಿನ ಯುವಕನೊಬ್ಬ ಎದುರಿಗೆ ನಿಂತಿದ್ದ. ಸಿಟ್ಟಿಗೆ ಮುಖ ಕೆಂಪಾಗಿತ್ತು.

"ನಾನು ಉಬೋನ್ ಪೇಟೆಯ ಲ್ಯಾಬಿಂದ ಬಂದಿದೀನಿ. ಜ್ವರ ತರೋ ಬ್ಯಾಕ್ಟೀರಿಯಾ..."

"ಗೊತ್ತು ಡಾಕ್ಟ್ರಮ್ಮ. ನಿಮ್ಮಂಥವರು ಮೊದಲೂ ಬಂದಿದ್ರು. ಮಣ್ಣು ತಗೊಂಡ್ರು, ಅಮ್ಮನ ರಕ್ತ ತಗೊಂಡ್ರು. ಅಮ್ಮ ಹೋದಳು. ಅವಳಿಗೆ ಏನಾಗಿತ್ತು ಅಂತ ಇವತ್ತಿನವರೆಗೂ ಒಬ್ಬರೂ ಬಂದು ಹೇಳಲಿಲ್ಲ. ನಾವೇನು ನಿಮ್ಮ ಪ್ರಯೋಗದ ಇಲಿಗಳಾ?"

ಕಮೋನ್‌ಗೂ ಸಿಟ್ಟು ಬಂತು. ಅವನ ಮೇಲಲ್ಲ... ಅವನಮ್ಮನ ರಕ್ತ ತೆಗೆದುಕೊಂಡು ಹೋಗಿ ಮರೆತವರ ಮೇಲೆ.

"ಈ ಸಲ ಏನು ಸಿಕ್ಕಿದ್ರೂ ಮೊದಲು ನಿಮಗೇ ಹೇಳ್ತೀನಿ."

ಅವನು ಅವಳನ್ನೇ ದಿಟ್ಟಿಸಿದ. ಆಮೇಲೆ ಸಲಿಕೆಯನ್ನು ತಾನೇ ಎತ್ತಿಕೊಂಡ. "ಅಲ್ಲಿ ಬರೀ ಕಲ್ಲು. ಈ ಕಡೆ ಬನ್ನಿ. ನನ್ನ ಹೆಸರು ತವೀ."

ಮಳೆಗಾಲವೆಲ್ಲ ಇಬ್ಬರೂ ಆ ಊರಿನ ಗದ್ದೆ, ಬಾವಿಗಳನ್ನು ಸುತ್ತಿದರು. ತವೀಯ ತಂಗಿ ಬುವಾ ಬಿದಿರು ಬುಟ್ಟಿಯಲ್ಲಿ ಅಂಟಂಟಾದ ಅನ್ನ ಕಟ್ಟಿಕೊಡುತ್ತಿದ್ದಳು.

"ಈ ರೋಗಾಣು ಮಣ್ಣಲ್ಲೂ ಇರತ್ತೆ, ನೀರಲ್ಲೂ ಇರತ್ತೆ," ಎಂದಳು ಕಮೋನ್, ಹುಣಸೆ ಮರದ ಕೆಳಗೆ ಊಟ ಮಾಡುತ್ತ. "ಕಾಲಲ್ಲಿ ಸಣ್ಣ ಗಾಯ ಇದ್ರೂ ಸಾಕು. ಮಾಮೂಲಿ ಔಷಧಿಗೆ ಬಗ್ಗಲ್ಲ. ಯಾವುದೋ ಜ್ವರ ಅಂದ್ಕೊಂಡು ಏನೋ ಕೊಡ್ತಾ ಇರ್ತಾರೆ, ಅಷ್ಟರಲ್ಲಿ..."

ಅಮ್ಮನ ನೆನಪಾಗಿ ತವೀ ಅನ್ನದ ಬುಟ್ಟಿ ಮುಚ್ಚಿಟ್ಟ.

ಮರುದಿನ ಅವಳು ರಬ್ಬರ್ ಬೂಟು ತಂದಳು. "ಹಾಕ್ಕೊಳ್ಳಿ, ಪೀ ತವೀ."

ಹತ್ತಿರದವರನ್ನು ಕರೆಯುವ ಹಾಗೆ 'ಪೀ' ಎಂದದ್ದು ಅದೇ ಮೊದಲು. ಅವನು ಬೂಟನ್ನು ತಲೆಕೆಳಗಾಗಿ ಹಿಡಿದು ನಿಂತುಬಿಟ್ಟ.

ಊರೆಲ್ಲ ಕುಡಿಯುವ ದೊಡ್ಡ ಬಾವಿಯ ನೀರಿನಲ್ಲೇ ರೋಗಾಣು ಸಿಕ್ಕಿತು. ಕಮೋನ್ ತನ್ನ ಮೇಲಧಿಕಾರಿ ಪ್ರೊಫೆಸರ್ ಸೊಂಪೋಪರ ಕೋಣೆಗೆ ಓಡಿದಳು.

"ಪ್ರಬಂಧ ಅಚ್ಚಾಗೋವರೆಗೆ ಯಾರಿಗೂ ಹೇಳಬೇಡ," ಎಂದರು ಅವರು.

"ಸರ್, ಅವರು ಅದೇ ನೀರು ಕುಡೀತಿದಾರೆ."

"ಇಷ್ಟು ವರ್ಷ ಕುಡಿದಿಲ್ವಾ? ಬಾಯಿ ಬಿಟ್ರೆ ಈ ಲ್ಯಾಬಲ್ಲಿ ನಿನಗೆ ಜಾಗ ಇಲ್ಲ."

ಇಷ್ಟು ವರ್ಷ ಕುಡಿದಿಲ್ವಾ... ಆ ಮಾತು ನೆನೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಆದರೂ ಕಷ್ಟಪಟ್ಟು ಗಳಿಸಿದ ಕೆಲಸ ಅವಳ ಬಾಯಿ ಕಟ್ಟಿತು. 'ನಾಳೆ ಹೇಳ್ತೀನಿ,' ಅಂದುಕೊಳ್ಳುತ್ತಲೇ ಕೆಲವು ದಿನ ಕಳೆದವು.

ಒಂದು ಮಧ್ಯಾಹ್ನ ತವೀ ಲ್ಯಾಬಿನ ಗೇಟಿಗೆ ಬಂದ.

"ಬುವಾಗೆ ಜ್ವರ. ಆಸ್ಪತ್ರೆಗೆ ಸೇರಿಸಿದೀವಿ. ಬಾವಿ ನೀರಲ್ಲಿ ಅದು ಇತ್ತಾ?"

ಅವಳು ತಲೆ ತಗ್ಗಿಸಿದಳು.

"ನಿಮಗೆ ಗೊತ್ತಿತ್ತು."

"ಪೀ ತವೀ, ನಾನು..."

"ಹಾಗೆ ಕರೀಬೇಡಿ. ನಿಮಗೆ ಹೆಸರು ಬೇಕಿತ್ತು, ನಮ್ಮ ಬಾವಿ ಸಿಕ್ತು. ಅಷ್ಟೇ."

ಅವನು ಹೊರಟುಹೋದ. ಕಮೋನ್ ಅಳಲಿಲ್ಲ. ನೇರವಾಗಿ ವಾರ್ಡಿನ ವೈದ್ಯರಿಗೆ ಫೋನ್ ಮಾಡಿದಳು. "ಬುವಾ ಅನ್ನೋ ಹುಡುಗಿಯ ರಿಪೋರ್ಟಿಗೆ ಕಾಯಬೇಡಿ. ಅವರೂರಿನ ಬಾವೀಲಿ ಆ ರೋಗಾಣು ಸಿಕ್ಕಿದೆ. ಅದರ ಔಷಧಿ ಈಗಲೇ ಶುರು ಮಾಡಿ."

ಮರುದಿನ ಬೆಳಗ್ಗೆ ಊರ ಮುಖಂಡನ ಮೈಕಿನಲ್ಲಿ ಅವಳ ದನಿ ಗದ್ದೆಗಳ ಮೇಲೆಲ್ಲ ಹರಡಿತು.

"ದೊಡ್ಡ ಬಾವಿ ನೀರಲ್ಲಿ ರೋಗಾಣು ಇದೆ. ಕುದಿಸದೆ ಕುಡೀಬೇಡಿ. ಬೂಟಿಲ್ಲದೆ ಗದ್ದೆಗೆ ಇಳೀಬೇಡಿ. ಜ್ವರ ಬಂದ್ರೆ ಬಾವಿ ವಿಷಯ ವೈದ್ಯರಿಗೆ ಹೇಳಿ. 'ಇಷ್ಟು ವರ್ಷ ಕುಡಿದಿಲ್ವಾ' ಅಂದು, ಇದನ್ನ ಮುಚ್ಚಿಡು ಅಂತ ನಮ್ಮ ಪ್ರೊಫೆಸರ್ ನನಗೆ ಹೇಳಿದ್ರು. ನಾನೂ ಹೆದರಿ ಸುಮ್ಮನಿದ್ದೆ. ಅದು ನನ್ನ ತಪ್ಪು."

ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಬುವಾ ಎದ್ದು ಕೂರಲು ವಾರಗಳೇ ಬೇಕಾದವು. ಕಮೋನ್ ದಿನವೂ ಬಂದು, ನರ್ಸನ್ನು ವಿಚಾರಿಸಿ, ವಾರ್ಡಿನ ಹೊರಗಿನಿಂದಲೇ ಹಿಂತಿರುಗುತ್ತಿದ್ದಳು. ಬುವಾ ಎದ್ದು ಕೂತ ದಿನ ಬಾಗಿಲಲ್ಲಿ ತವೀ ನಿಂತಿದ್ದ.

"ಅವತ್ತು ನೀನು ಫೋನ್ ಮಾಡದಿದ್ರೆ ಇವಳು ಉಳೀತಿರಲಿಲ್ಲ ಅಂದ್ರು ಡಾಕ್ಟ್ರು. ನಂಗೆ ಯಾಕೆ ಹೇಳಲಿಲ್ಲ? ಬೈಸ್ಕೊಂಡು ಸುಮ್ಮನಿದ್ಯಲ್ಲ."

"ಬೈದದ್ದು ಸರಿಯಾಗೇ ಇತ್ತು."

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಕಮೋನ್."

ಅವಳ ಕಣ್ಣು ತುಂಬಿತು. "ನನ್ನ ಮೇಲಾ?"

"ನಿನ್ನ ಮೇಲೆ ಅಲ್ಲ. 'ಇಷ್ಟು ವರ್ಷ ಕುಡಿದಿಲ್ವಾ' ಅಂದ್ರಂತಲ್ಲ, ಅವರ ಮೇಲೆ."

"ನನ್ನದೂ ಇಳಿದಿಲ್ಲ. ಪಕ್ಕದ ಊರುಗಳ ಬಾವಿ ನೋಡೋದಿದೆ. ಲ್ಯಾಬಿಲ್ಲ, ಸಂಬಳ ಇಲ್ಲ..."

"ನಾನಿದೀನಿ." ಅವನು ಅವಳ ಕೈ ಹಿಡಿದ. "ಒಟ್ಟಿಗೇ ಸಿಟ್ಟು ಮಾಡ್ಕೊಂಡಿರೋಣ."

"ಎಷ್ಟು ದಿನ?"

"ಮುದುಕರಾಗೋವರೆಗೂ."