ಖಂಡೆ ಪೂಜೆಯ ಮರುದಿನ ನಿಂತ ಗಿರಣಿ

ಎಣ್ಣೆ ಸವರಿ ಬಿಸಿಲಿಗೆ ಹರವಿದ ತೊಗರಿಯ ವಾಸನೆ. ಸಿಂದಗಿಯಲ್ಲಿ ಶ್ರೀಶೈಲಪ್ಪನವರ ಬೇಳೆ ಗಿರಣಿಯ ಹಿಂದಿನ ಓಣಿಯಲ್ಲಿ ಬೆಳೆದ ನಿಷತಳಿಗೆ ಬಾಲ್ಯವೆಂದರೆ ಅದೇ. ಇಂದು ಸಬ್ ಇನ್ಸ್‌ಪೆಕ್ಟರ್ ಆಗಿ ಅದೇ ಗಿರಣಿಯ ಬಾಗಿಲಲ್ಲಿ ನಿಂತಾಗ ಆ ವಾಸನೆಗೆ ಹುಳಿ ಬೆರೆತಿತ್ತು. ನೀರುಣಿಸಿದ ತೊಗರಿ ರಾಶಿಯಲ್ಲೇ ಮುಗ್ಗುತ್ತಿತ್ತು. ಶ್ರೀಶೈಲಪ್ಪ ತೀರಿಕೊಳ್ಳುವ ಮುನ್ನ ಕೊಂಡ ಹೊಸ ಯಂತ್ರ ದಸರೆಯ ಖಂಡೆ ಪೂಜೆಯ ಮರುದಿನದಿಂದ ಅಲುಗಾಡಿಲ್ಲ. ಪರದೆಯ ಮೇಲೆ ಕೆಂಪು ಬೀಗದ ಚಿತ್ರವೊಂದೇ.

"ಕಾಸಿಂಸಾಬಂದ ಕೆಲಸ ಇದು, ಮೇಡಂ," ಎಂದ ಅವರ ಮಗ ಸಂಗಮೇಶ. "ಕಂಪನಿ ಸೀಲ್ ಒಡದೈತಿ. ಮಿಸ್ತ್ರಿ ಅವನ, ಯಂತ್ರದ ಮುಚ್ಚಳದ ಚಾವಿ ಇರೋದು ಅವನ ಹತ್ರ. ಮುದ್ದೇಬಿಹಾಳದ ಗಿರಣಿಯವರು ಕರ್ಯಾಕತ್ತಾರ. ಹೋಗೂ ಮುಂದ ವೈರ್ ಕಿತ್ತಾನ."

"ಕಿತ್ತಿದ್ದು ನೋಡೀರೇನು?"

"ಇಲ್ರಿ. ಮತ್ತ ಮುಟ್ಟಿದ್ರ ಗ್ಯಾರಂಟಿ ಹೋಗತೈತಿ ಅಂತ ತಗದಿಲ್ಲ."

ಕಾಸಿಂಸಾಬ ಬೇವಿನ ನೆರಳಲ್ಲಿ ಕುಳಿತಿದ್ದರು. ಪ್ರತಿ ಖಂಡೆ ಪೂಜೆಗೂ ಧಣಿಯ ಮನೆಯಿಂದ ಬಂದ ಬುತ್ತಿಯನ್ನು ಓಣಿಯ ಮಕ್ಕಳಿಗೆಲ್ಲ ಹಂಚಿ, ತಾವು ಕೊನೆಯ ತುತ್ತು ತಿನ್ನುತ್ತಿದ್ದವರು.

"ಚಾಚಾ, ಮುಚ್ಚಳ ನೀವು ತಗದ್ರೇನು?"

"ಇಲ್ಲ ಬೇಟಾ."

"ಯಾರು ತಗದ್ರು—ಗೊತ್ತೈತೇನು?"

ಕಾಸಿಂಸಾಬ ಕೆಳಗೆ ಬಿದ್ದ ಬೇವಿನ ಕಡ್ಡಿಯೊಂದನ್ನು ಮುರಿದರು.

"ಕೇಸ್ ಆಗತೈತಿ. ಗಳಿಸಿದ ಹೆಸರು ಹೋಗತೈತಿ, ಚಾಚಾ."

"ಹಳೇ ಯಂತ್ರ ಕೆಟ್ರ ಒದರತಿತ್ತು. ಇದು ಸಿಟ್ಟಾದ ಬೀಗತಿ ಹಂಗ, ಮಾತಿಲ್ಲ ಕತಿಯಿಲ್ಲ," ಎಂದರು. ತಮ್ಮ ಮಾತಿಗೆ ತಾವೇ ನಗಲಿಲ್ಲ.

ನಿಷತ ಕಂಪನಿಗೆ ಫೋನ್ ಮಾಡಿದಳು.

"ಮುಚ್ಚಳ ತೆರೆದರೆ ನಮಗಿಲ್ಲಿ ತಿಳಿಯುತ್ತದೆ, ಮೇಡಂ. ನಮ್ಮವರಲ್ಲದವರು ತೆರೆದರೆ ಇಲ್ಲಿಂದಲೇ ಯಂತ್ರ ನಿಲ್ಲಿಸುತ್ತೇವೆ."

"ಮಾರಿದ ಮೇಲೂ?"

"ಅದು ಕಂಪನಿಯ ನಿಯಮ."

ಅವಳು ಕಾಸಿಂಸಾಬರ ಚಾವಿಯಿಂದ ಮುಚ್ಚಳ ತೆರೆಸಿದಳು. ಒಂದು ವೈರೂ ಕಿತ್ತಿರಲಿಲ್ಲ. ಹೊರಗೆ ಪೂಜೆಯ ಕುಂಕುಮ, ಬಾಡಿದ ಚೆಂಡು ಹೂವು. ಒಳಗೆ—ವಿಭೂತಿಯ ಮೂರು ಗೆರೆ.

ನೀರು ಕೇಳುವ ನೆವದಲ್ಲಿ ಪಕ್ಕದ ಮನೆಗೆ ಹೋದಳು. ಸಂಗಮೇಶನ ತಾಯಿ ಬಾಳಮ್ಮ ಬಿಸಿಲಲ್ಲಿ ಬಂದವಳೆಂದು ನೀರಿನ ಜೊತೆ ಬೆಲ್ಲದ ಚೂರನ್ನೂ ತಂದುಕೊಟ್ಟರು. ದೇವರ ಜಗಲಿಯ ಮೇಲೆ ಶ್ರೀಶೈಲಪ್ಪನವರ ಫೋಟೋ. ಅದರ ಮುಂದೆ ಅವರ ಚಾವಿಗೊಂಚಲು. ಒಂದೇ ಒಂದು ಚಾವಿಗೆ ವಿಭೂತಿ ಮೆತ್ತಿತ್ತು.

ನಿಷತ ಅಂಗಳಕ್ಕೆ ಬಂದು ಸಂಗಮೇಶ, ಕಾಸಿಂಸಾಬ ಇಬ್ಬರನ್ನೂ ಕರೆದಳು.

"ಸಂಗಮೇಶ, ಖಂಡೆ ಪೂಜಿಗಿ ನಿಮ್ಮ ತಂದಿಯವರು ಏನು ಮಾಡ್ತಿದ್ರು?"

"ಎಲ್ಲಾ ಯಂತ್ರದ ಮುಚ್ಚಳ ತಗದು ಒಳಗ ವಿಭೂತಿ ಹಚ್ಚತಿದ್ರು. ಹೊರಗಿನ ಪೂಜಿ ಮಂದಿಗಿ, ಒಳಗಿಂದು ಯಂತ್ರಕ್ಕ ಅಂತಿದ್ರು."

"ಈ ಸಲ?"

"ನಾನು ಹೊರಗ ಕುಂಕುಮ ಹಚ್ಚೇನಿ, ಅಷ್ಟ."

"ಹಂಗಾರ ಒಳಗಿನ ವಿಭೂತಿ ಯಾರದು? ಚಾವಿ ಎರಡು ಅದಾವ. ಇನ್ನೊಂದು ನಿಮ್ಮ ಜಗಲಿ ಮ್ಯಾಲ ಐತಿ."

ಬಾಗಿಲಲ್ಲಿ ಬಾಳಮ್ಮ ನಿಂತಿದ್ದರು.

"ನಾನ ಹಚ್ಚಿದೆ. ಗಂಡ ಸತ್ತಾಕಿ, ಪೂಜಿಗಿ ಬರಬ್ಯಾಡ ಅಂದ್ರಿ. ಅದಕ್ಕ ನೀವೆಲ್ಲ ಏಳೂ ಮೊದಲ ಹೋದೆ. ಅವರ ಕೈ ತಾಗಲಾರದ ಯಂತ್ರ ಬಣಬಣ ಅನಸ್ತು. ಯಾರೋ ವೈರ್ ಕಿತ್ತಾರ ಅಂದಿ ನೀ... ನನ್ನಿಂದ ನಿಂತೈತಿ ಅಂತ ನನಗೇನು ಗೊತ್ತಪ್ಪಾ?"

ನಿಷತ ಕಾಸಿಂಸಾಬರತ್ತ ತಿರುಗಿದಳು. "ನೀವು ನೋಡಿದ್ರಿ. ಹೌದಿಲ್ಲೋ?"

"ಅಕ್ಕಾರು ಮುಚ್ಚಳ ಹಿಡಕೊಂಡು ಅಳಾಕತ್ತಿದ್ರು, ಬೇಟಾ. ಅದನ್ನ ನಾಲ್ಕು ಮಂದ್ಯಾಗ ಹೆಂಗ ಹೇಳ್ಲಿ?"



"ಮುಚ್ಚಳ ತಗದೋರು ಅವ್ವಾರು, ಅದು ಅಪರಾಧ ಅಲ್ಲ," ಎಂದಳು ನಿಷತ. "ಯಂತ್ರ ನಿಲ್ಲಿಸಿದೋರು ಅದನ್ನ ಮಾರಿದೋರ. ಯಾಕ ತಗದ್ರಿ ಅಂತ ಒಂದು ಮಾತು ಕೇಳಲಿಲ್ಲ. ದೂರು ಬರಿಯೋದಿದ್ರ ಅವರ ಮ್ಯಾಲ ಬರೀರಿ."

ಸಂಗಮೇಶ ತಲೆ ತಗ್ಗಿಸಿದ. "ಕಾಸಿಂ ಕಾಕಾ... ನಾಳಿಂದ ಬರ್ರಿ."

"ಇಲ್ಲಪ್ಪಾ. ಮುದ್ದೇಬಿಹಾಳಕ್ಕೂ ಹೋಗಂಗಿಲ್ಲ. ನೀ ಕೂಸಿದ್ದಾಗ ಇದ ತೊಗರಿ ಚೀಲದ ಮ್ಯಾಲ ಮಲಗಿಸೇನಿ. ಆ ಬಾಯಿಲೆ ವೈರ್ ಕಿತ್ತಾನ ಅಂದಿ. ಸಾಕು."

ಅವರು ಟವೆಲು ಕೊಡವಿ ಎದ್ದರು. ಗಿರಣಿಯ ಕಡೆ ನೋಡಲಿಲ್ಲ.

ಬಾಳಮ್ಮ ಸರಸರನೆ ಒಳಗೆ ಹೋಗಿ ಬಂದರು. ಈ ವರ್ಷ ಸೂತಕದ ಮನೆಯಿಂದ ಬುತ್ತಿ ಹೋಗಿರಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ—ಶ್ರೀಶೈಲಪ್ಪನವರ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಗಂಟನ್ನು ಕಾಸಿಂಸಾಬರ ಕೈಗಿಟ್ಟರು. ಅವರು ಎರಡೂ ಕೈಯಿಂದ ತೆಗೆದುಕೊಂಡರು.