ಪಂಪಿಗೆ ಕತ್ತರಿಸಿದ ಬಿಲ್ಲೆ

ನಾನು ಕೆಲಸ ಮುಗಿಸಿ ಬಂದಾಗ ಮೀನಿನ ತೊಟ್ಟಿಯ ಗಾಳಿ ಪಂಪಿನ ರಬ್ಬರ್ ಹರಿದಿತ್ತು. ಮಗಳ ಒಂದೇ ಒಂದು ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಅವಳೇ ಕೊಳವೆಗೆ ಬಾಯಿಟ್ಟು ಊದುತ್ತಿದ್ದಳು: ಮೂರು ಸಲ ಊದಿ, ಸುಧಾರಿಸಿಕೊಂಡು, ಮತ್ತೆ ಮೂರು ಸಲ.

ಹಳೆಯ ಸೈಕಲ್ ಟ್ಯೂಬಿನಿಂದ ದುಂಡಗೆ ಬಿಲ್ಲೆ ಕತ್ತರಿಸಿದೆ. ಅವಸರದಲ್ಲಿ ಮುಚ್ಚಳ ಬಿಗಿದು ಕೊಳವೆ ಸಿಕ್ಕಿಸಿದೆ. ಗುಳ್ಳೆ ಬಂತು.

"ಪರವಾಗಿಲ್ವೇ, ಅಪ್ಪಂಗೂ ಏನೋ ಬರತ್ತೆ!" ಎಂದು ಮಗಳು ನಕ್ಕಳು. ಆಮೇಲೆ ಮೇಜು ಒರೆಸುತ್ತಾ, "ಅಪ್ಪಾ, ಇದನ್ನ ಹಾಕ್ಲೇ ಇಲ್ವಲ್ಲ?" ಎಂದಳು.

ಅವಳ ಅಂಗೈಯಲ್ಲಿ ನನ್ನ ಬಿಲ್ಲೆ ಇತ್ತು.

ಪಂಪ್ ಬಿಚ್ಚಿದೆ. ರಬ್ಬರಿನ ಜಾಗ ಖಾಲಿ. ಪಂಪಿನಿಂದ ಕೊಳವೆ ಕಿತ್ತೆ. ಅದರ ತುದಿ ಉಸಿರಿನಷ್ಟು ಬೆಚ್ಚಗಿತ್ತು. ಗುಳ್ಳೆಗಳು ನಿಲ್ಲಲಿಲ್ಲ: ಮೂರು ಸಲ, ಬಿಡುವು, ಮತ್ತೆ ಮೂರು ಸಲ.

ಮೀನು ಇಂದಿಗೂ ಗಟ್ಟಿಮುಟ್ಟಾಗಿದೆ. ಕೊಳವೆಯ ಆ ತುದಿ ಗಾಳಿಯಲ್ಲೇ ನೇತಾಡುತ್ತಿದೆ.