ಏನೂ ಇಲ್ಲ ಅಂದ ದೋಣಿಗಾರ

“ರೀ, ದೋಣಿ ಯಾಕೆ ತಿರುಗಿಸ್ತಿದ್ದೀರಿ?!”

ಗೈಡ್ ಹುಡುಗಿಯ ದನಿಗೆ ಪ್ರವಾಸಿಗಳೆಲ್ಲ ಬೆಚ್ಚಿದರು. ದೋಣಿಗಾರ ಮಾತ್ರ ಚುಕ್ಕಾಣಿ ಬಿಡಲಿಲ್ಲ.

“ಆ ಬಂಡೆ ಆಚೆ ಏನೂ ಇಲ್ಲ.”

ಎಳೆಬಿಸಿಲು, ಹೊಳೆಯುವ ನೀರು, ಅವನ ಆ ಶಾಂತ ಕಣ್ಣುಗಳು... ಬೇರೆ ದಿನವಾಗಿದ್ದರೆ ಅವಳು ಕರಗಿಯೇ ಹೋಗುತ್ತಿದ್ದಳು! ಆದರೆ ಗೈಡ್ ಕೆಲಸಕ್ಕೆ ಅದು ಮೊದಲ ದಿನ. ಡಾಲ್ಫಿನ್ ನೋಡಲು ಬಂದವರು ಮುಖ ಸಿಂಡರಿಸಿಕೊಂಡು ಇಳಿದುಹೋದರು.

ಮೀನಿಗೆ ಬಲೆ ಬೀಸುವುದನ್ನು ನಿಲ್ಲಿಸಿ, ಅಳಿಯುತ್ತಿರುವ ಡಾಲ್ಫಿನ್‌ಗಳನ್ನು ಕಾಪಾಡಿ, ದೂರದಿಂದ ತೋರಿಸಿಯೇ ಬದುಕೋಣವೆಂದು ಊರವರೇ ಕಟ್ಟಿದ ಸಂಘವದು. ಹೀಗೆ ಸೋಮಾರಿತನ ಮಾಡಿದರೆ ಯಾರು ಬರುತ್ತಾರೆ? ಸಂಘದ ಅಧ್ಯಕ್ಷೆ ಅವಳ ದೊಡ್ಡಮ್ಮನೇ. ಸಂಜೆಯ ಸಭೆಯಲ್ಲಿ ದೂರಿಟ್ಟಳು.

“ಯಾಕಪ್ಪಾ ತಿರುಗಿಸ್ದೆ?” ದೊಡ್ಡಮ್ಮ ದೋಣಿಗಾರನನ್ನು ಕೇಳಿದರು.

“ಆಚೆ ಏನೂ ಇಲ್ಲ” ಎಂದಷ್ಟೇ ಅಂದ. ಪ್ರವಾಸಿಗಳನ್ನು ಒಯ್ಯುವ ಅವನ ದೋಣಿಯ ಸರದಿ ಕೈತಪ್ಪಿತು. ಅವನಿಗೆ ಬೇರೆ ದುಡಿಮೆಯಿರಲಿಲ್ಲ.

ಗೆದ್ದೆನೆಂದುಕೊಂಡಳು ನಮ್ಮ ಹುಡುಗಿ. ಆದರೆ ದಡದಲ್ಲಿ ಸುಮ್ಮನೆ ನಿಂತ ಆ ದೋಣಿ ಕಂಡಾಗಲೆಲ್ಲ ಎದೆ ಚುರ್ ಎನ್ನುತ್ತಿತ್ತು. ‘ಅವನ ಯೋಚನೆ ನನಗ್ಯಾಕೆ?’

ಒಂದು ಮುಂಜಾನೆ ಮನಸ್ಸು ತಡೆಯದೆ ದಡಕ್ಕಂಟಿದ ಆ ಬಂಡೆ ಹತ್ತಿ ಆಚೆ ನೋಡಿದಳು.

ಹಾಲಿನಂಥ ಮಂಜು... ಅದರಡಿ ತಾಯಿ ಡಾಲ್ಫಿನ್, ಮಗ್ಗುಲಿಗೆ ಅಂಟಿಕೊಂಡು ಪುಟ್ಟ ಮರಿ! ತಾಯಿ ಮುಳುಗಿದರೆ ಮುಳುಗುತ್ತ, ತೇಲಿದರೆ ತೇಲುತ್ತ... ತಾನು ನಿಂತಿದ್ದೇ ಅವಳಿಗೆ ಮರೆತುಹೋಯಿತು.

ಈ ಊರಿನಲ್ಲಿ ಒಬ್ಬರ ಕಿವಿಗೆ ಬಿದ್ದ ಮಾತು ಡಂಗುರ ಸಾರಿದಂತೆಯೇ. ಅವನು ಬಾಯಿ ಬಿಟ್ಟಿದ್ದರೆ ಬಂದವರೆಲ್ಲ ಮರಿಯನ್ನೇ ತೋರಿಸಿ ಎನ್ನುತ್ತಿದ್ದರು. ದೋಣಿಗಳ ಗದ್ದಲಕ್ಕೆ ಮರಿ ತಾಯಿಯಿಂದ ಅಗಲುತ್ತಿತ್ತು. ‘ಅಯ್ಯೋ, ನಾನೆಂಥ ಕೆಲಸ ಮಾಡಿದೆ!’

ಅಂದೇ ಸಭೆಯಲ್ಲಿ ಎದ್ದು ನಿಂತಳು.

“ತಪ್ಪು ನಂದೇ ದೊಡ್ಡಮ್ಮ. ಅವರ ಸರದಿ ಅವರಿಗೆ ಕೊಡಿ. ಕಾರಣ ಮಾತ್ರ ಕೇಳ್ಬೇಡಿ.”

“ಬಾಯಿಗೆ ಬಂದಂಗೆ ದೂರೋದು, ಆಮೇಲೆ ತಪ್ಪು ನಂದೇ ಅನ್ನೋದು! ಇದೇನು ಮಕ್ಕಳಾಟಾನಾ? ಅವನ ಸರದಿ ಅವನಿಗೇ ಇರ್ಲಿ, ಆದ್ರೆ ಈ ತಿಂಗಳು ನಿನ್ನ ಗೈಡ್ ಕೆಲ್ಸ ಬಂದ್!”

ಅವಳು ತಲೆಬಾಗಿ ಹೊರನಡೆದಳು. ಹಿಂದೆಯೇ ಅವನು ಓಡಿಬಂದ.

“ನಿಜ ಹೇಳಿದ್ರೆ ನಿಮ್ಮ ಕೆಲ್ಸ ಉಳೀತಿತ್ತಲ್ರೀ...”

“ಮರಿ ಉಳೀತಿತ್ತಾ?”

ಅವನ ಕಣ್ಣು ತುಂಬಿ ಬಂತು. ತನ್ನ ನೋವು ತಿಳಿದವರು ಒಬ್ಬರಾದರೂ ಇದ್ದಾರೆ!

“ಇನ್ನೊಂದು ವಿಷಯಾನೂ ಯಾರಿಗೂ ಹೇಳ್ದೆ ಇಟ್ಕೊಂಡಿದೀನಿ... ನಿಮ್ಮನ್ನ ನೋಡಿದ ದಿನದಿಂದ...”

“ಅದಾ?” ನಾಚಿಕೆಯಲ್ಲೂ ಅವಳಿಗೆ ನಗು ಬಂತು. “ಅದು ದೊಡ್ಡಮ್ಮಂಗೂ ಗೊತ್ತು! ‘ಆ ಹುಡುಗ ನಿನ್ನ ಕಂಡ್ರೆ ದೋಣಿಗೆ ಹಗ್ಗ ಕಟ್ಟೋದೇ ಮರೀತಾನೆ ಕಣೇ’ ಅಂತ ಇವತ್ತು ಸಭೆಗೆ ಬರುವಾಗ್ಲೂ ಅಂದ್ರು.”

“ನೀವೇನಂದ್ರಿ?”

“ಪಕ್ಕದಲ್ಲೇ ಇದ್ದು ನೆನಪಿಸ್ತೀನಿ ಅಂದೆ.”